ಅರಳುಮರಳು ಎಂದು ಬರೆದು ಕಳುಹಿಸಬೇಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಬೆಂಗಳೂರಿನ ಪದವಿಪೂರ್ವ ಕಾಲೇಜುಗಳಲ್ಲಿ 31 ವರ್ಷ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಕಪ್ಪುಹಲಗೆಯ ಮೇಲೆ ಜೀವಕೋಶದ ಚಿತ್ರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಹೀಗಿದ್ದೂ, ನನ್ನ ತಾಯಿಯವರ ಮೆದುಳಿನ ಕೋಶಗಳಲ್ಲಿ ಅಲ್ಝೈಮರ್ ಕಾಯಿಲೆ ವರ್ಷಗಟ್ಟಲೆ ಬೇರೂರುತ್ತಿದ್ದಾಗ ಅದೇ ಮನೆಯಲ್ಲಿದ್ದ ನನಗೆ ಅದರ ಸುಳಿವು ಸಿಗಲಿಲ್ಲ. ಸುಳಿವು ಸಿಕ್ಕಿ ವೈದ್ಯರ ಬಳಿಗೆ ಕರೆದೊಯ್ದಾಗ ಅವರು ಅದನ್ನು ಕಾಯಿಲೆಯೆಂದೇ ಒಪ್ಪಲಿಲ್ಲ. ಈ ಕಾಯಿಲೆ ಜೀವಕೋಶದಲ್ಲಿ ಮೊಳೆಯುವ ಕಾಲಕ್ಕೂ, ನಮ್ಮ ಆಸ್ಪತ್ರೆಗಳು ಅದನ್ನು ಗುರುತಿಸುವ ಕಾಲಕ್ಕೂ ನಡುವೆ ಸುಮಾರು 20 ವರ್ಷಗಳ ಅಂತರವಿದೆ. ಆ ಅಂತರವನ್ನು ತಮ್ಮ ಗಮನಕ್ಕೆ ತರಲು ಈ ಪತ್ರ. ಇದನ್ನು ನನ್ನಂಥ ಮನೆಗಳವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಧನುರ್ಮಾಸದಲ್ಲಿ ಬಸವನಗುಡಿಯ ನಮ್ಮ ಮನೆಯ ಮುಂದೆ ಅವರು ಹಾಕುತ್ತಿದ್ದ ರಂಗೋಲಿಯನ್ನು ಬೆಳಗಿನ ವಾಕಿಂಗ್‌ಗೆ ಹೊರಟವರು ನಿಂತು ನೋಡಿ ಹೋಗುತ್ತಿದ್ದರು. ಅವರಿಗೆ 69 ವರ್ಷವಾಗಿದ್ದಾಗ ಒಂದು ಬೆಳಗ್ಗೆ, 15ರಿಂದ 8ಕ್ಕೆ ಇಳಿಯುವ ಸಂದುಚುಕ್ಕಿಯ ರಂಗೋಲಿಗೆ ಚುಕ್ಕಿ ಇಡಲು ಬಗ್ಗಿದವರು ಹಾಗೆಯೇ ನಿಂತುಬಿಟ್ಟಿದ್ದರು. ಬೆರಳ ಸಂದಿನಿಂದ ಪುಡಿ ಸುರಿದು ಒಂದೇ ಕಡೆ ಸಣ್ಣ ಗುಡ್ಡೆಯಾಗಿತ್ತು. ನನ್ನನ್ನು ಕಂಡು, “ಮುಂದಿನ ಸಾಲಿಗೆ ಎಷ್ಟು ಚುಕ್ಕಿ ಕಣೇ?” ಎಂದು ಕೇಳಿದರು. ನಾನು ನಕ್ಕು, ಹೇಳಿಕೊಟ್ಟು, ಒಳಗೆ ಹೋದೆ. ಆ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಾದ ಕೆಲವು ತಿಂಗಳಿಗೆ ಪಿಂಚಣಿ ಖಾತೆಯ ಬ್ಯಾಂಕಿನವರು ಸಹಿ ತಾಳೆಯಾಗುತ್ತಿಲ್ಲವೆಂದು ಚೆಕ್ಕನ್ನು ವಾಪಸು ಕಳಿಸಿದರು. 36 ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಕೈ ತನ್ನ ಹೆಸರಿನ ಒತ್ತಕ್ಷರವನ್ನು ಎಲ್ಲಿ ಕೊಡಬೇಕೆಂದು ತಡಕಾಡುತ್ತಿತ್ತು.

ಆಗ ನಾವು ಹೋದ ವೈದ್ಯರು ಒಳ್ಳೆಯವರೇ. ಬಿಪಿ ನೋಡಿದರು, ವಿಟಮಿನ್ ಮಾತ್ರೆ ಬರೆದುಕೊಟ್ಟರು, ಬಳಿಕ ಸಮಾಧಾನದ ದನಿಯಲ್ಲಿ, “ಅರವತ್ತಕ್ಕೆ ಅರಳುಮರಳು ಅಂತ ಗಾದೆಯೇ ಇದೆಯಲ್ಲ ಮೇಡಂ, ವಯಸ್ಸಾಯಿತು ಅಷ್ಟೇ” ಎಂದರು. ಆ ಮಾತನ್ನು ನಂಬಿ ನಾವು ಎರಡೂವರೆ ವರ್ಷ ಕಳೆದೆವು. ನರರೋಗ ತಜ್ಞರೊಬ್ಬರು ಕಾಯಿಲೆಯ ಹೆಸರು ಹೇಳುವ ಹೊತ್ತಿಗೆ ಅಮ್ಮ ಸ್ನಾನದ ಮನೆಯ ದಾರಿಯನ್ನು ಕೇಳತೊಡಗಿದ್ದರು.

ಮಾನ್ಯರೇ, ಆ ಗಾದೆ ವೈದ್ಯಕೀಯವಾಗಿ ತಪ್ಪು ಎಂಬುದನ್ನು ನಮ್ಮ ದೇಶದ ಲೆಕ್ಕವೇ ಹೇಳುತ್ತದೆ. ದೇಶದ ಹಿರಿಯರ ಆರೋಗ್ಯವನ್ನು ಕುರಿತ ರಾಷ್ಟ್ರಮಟ್ಟದ ಅಧ್ಯಯನದ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ, ಅಂದರೆ ನೆನಪೂ ಯೋಚನಾಶಕ್ತಿಯೂ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಕುಗ್ಗುವ ಸ್ಥಿತಿ, ಇದೆ. ಡಿಮೆನ್ಷಿಯಾಕ್ಕೆ ಹಲವು ಕಾರಣಗಳಿದ್ದು ಅವುಗಳಲ್ಲಿ ಅತಿ ಸಾಮಾನ್ಯವಾದದ್ದು ಅಲ್ಝೈಮರ್. 88 ಲಕ್ಷ ಸಣ್ಣ ಸಂಖ್ಯೆಯಲ್ಲ. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ಓದಿದರೆ, 60 ದಾಟಿದ ನೂರು ಜನರಲ್ಲಿ 92ಕ್ಕೂ ಹೆಚ್ಚು ಮಂದಿಗೆ ಅದಿಲ್ಲ. ವಯಸ್ಸು ಎಲ್ಲರಿಗೂ ಆಗುತ್ತದೆ, ಈ ಕಾಯಿಲೆ ಎಲ್ಲರಿಗೂ ಬರುವುದಿಲ್ಲ. ಹಾಗಿರುವಾಗ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ರೋಗಿಗೆ ಮಾಡುವ ಅನ್ಯಾಯ.

ಈ ಕಾಯಿಲೆಯ ಮೊದಲ ದಾಖಲೆಯೂ ಮುಪ್ಪಿನದಲ್ಲ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ದಾಖಲಾದ ಔಗುಸ್ತೆ ಡೇಟರ್ ಎಂಬ ಹೆಂಗಸಿಗೆ ಆಗ 51 ವರ್ಷ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾ. ಅಲೋಯಿಸ್ ಅಲ್ಝೈಮರ್ ಆಕೆಯ ಮೆದುಳಿನ ತೆಳು ಪದರಗಳಿಗೆ ಬೆಳ್ಳಿಯ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನರಕೋಶಗಳ ಹೊರಗೆ ಗಟ್ಟಿ ಜಿಡ್ಡಿನಂಥ ಗಡ್ಡೆಗಳನ್ನೂ, ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳನ್ನೂ ಕಂಡರು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್‌ನ ಸಭೆಯಲ್ಲಿ ಅದನ್ನು ವಿವರಿಸಿದರು. 1910ರಲ್ಲಿ ಅವರ ಹಿರಿಯರಾದ ಎಮಿಲ್ ಕ್ರೇಪೆಲಿನ್ ಕಾಯಿಲೆಗೆ ಅವರ ಹೆಸರನ್ನಿಟ್ಟರು. ಒಂದು ಶತಮಾನಕ್ಕೂ ಹಿಂದೆಯೇ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಂಡ ಕಾಯಿಲೆಯನ್ನು ನಾವು ಇನ್ನೂ ಗಾದೆಯಿಂದ ವಿವರಿಸುತ್ತಿದ್ದೇವೆ.

ಹೊರಗಿನ ಗಡ್ಡೆಗಳು ಏನೆಂಬುದು ಬಹಳ ಕಾಲ ತಿಳಿದಿರಲಿಲ್ಲ. 1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಎಂಬ ವಿಜ್ಞಾನಿಗಳು ಅಲ್ಝೈಮರ್ ರೋಗಿಗಳ ಮೆದುಳಿನ ರಕ್ತನಾಳಗಳಿಂದ ಒಂದು ಪ್ರೋಟೀನ್ ತುಣುಕನ್ನು ಬೇರ್ಪಡಿಸಿ ಗುರುತಿಸಿದರು, ಗಡ್ಡೆಗಳಲ್ಲಿರುವುದೂ ಅದೇ ಎಂದು ಮರುವರ್ಷ ತಿಳಿಯಿತು. ಇಂದು ಅದನ್ನು ಅಮೈಲಾಯ್ಡ್ ಬೀಟಾ ಎನ್ನುತ್ತಾರೆ. ಇದು ಹೊರಗಿನಿಂದ ಬಂದ ವಿಷವಲ್ಲ. ನಮ್ಮೆಲ್ಲರ ನರಕೋಶಗಳ ಪೊರೆಯಲ್ಲಿ ನಾಟಿಕೊಂಡಿರುವ ಒಂದು ದೊಡ್ಡ ಪ್ರೋಟೀನನ್ನು ಎರಡು ಕಿಣ್ವಗಳು ಕತ್ತರಿಗಳಂತೆ ಎರಡು ಕಡೆ ಕತ್ತರಿಸಿದಾಗ ಈ ತುಣುಕು ಉದುರುತ್ತದೆ. ತಮ್ಮ ಮೆದುಳಿನಲ್ಲೂ ನನ್ನ ಮೆದುಳಿನಲ್ಲೂ ಅದು ದಿನವೂ ತಯಾರಾಗುತ್ತದೆ, ದಿನವೂ ತೊಳೆದುಹೋಗುತ್ತದೆ. 40 ಅಮೈನೋ ಆಮ್ಲಗಳ ತುಣುಕು ಅಷ್ಟಾಗಿ ತೊಂದರೆ ಕೊಡುವುದಿಲ್ಲ. 42 ಇರುವ ತುಣುಕು ಅಂಟುಸ್ವಭಾವದ್ದು, ಒಂದಕ್ಕೊಂದು ಕಚ್ಚಿಕೊಂಡು ಬೆಳೆಯುತ್ತದೆ. ಆ ದೊಡ್ಡ ಪ್ರೋಟೀನಿನ ವಂಶವಾಹಿ ಇರುವುದು 21ನೇ ವರ್ಣತಂತುವಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ವರ್ಣತಂತು ಎರಡರ ಬದಲು ಮೂರು ಇರುತ್ತದೆಂದು ನಾನು ವರ್ಷ ವರ್ಷವೂ ಪಾಠ ಮಾಡಿದ್ದೇನೆ. ಅವರಲ್ಲಿ ಹೆಚ್ಚಿನವರ ಮೆದುಳಿನಲ್ಲಿ 40ರ ವಯಸ್ಸಿಗೇ ಈ ಗಡ್ಡೆಗಳು ಕಾಣುತ್ತವೆ ಎಂಬುದನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ, ಪಠ್ಯದಲ್ಲಿ ಇರಲಿಲ್ಲ.

ಹಾಗೆಂದು ಗಡ್ಡೆಯೇ ಕಾಯಿಲೆಯ ಆರಂಭವೂ ಅಲ್ಲ. ಇದನ್ನು ತೋರಿಸಿಕೊಟ್ಟ ಒಂದು ಮುಖ್ಯವಾದ ಕೆಲಸ ನಮ್ಮ ಊರಿನಲ್ಲೇ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ನರಕೋಶದ ಕೊಂಬೆಗಳ ಮೇಲೆ ಮೊಗ್ಗಿನಂಥ ಅತಿ ಸಣ್ಣ ಚಾಚುಗಳಿರುತ್ತವೆ; ಪಕ್ಕದ ಕೋಶದಿಂದ ಬರುವ ಸುದ್ದಿಯನ್ನು ಅವು ಬರಮಾಡಿಕೊಳ್ಳುತ್ತವೆ, ಕಲಿಕೆ ಮತ್ತು ನೆನಪು ನಿಂತಿರುವುದೇ ಈ ಸಂಧಿಗಳ ಮೇಲೆ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಆ ಮೊಗ್ಗುಗಳಿಗೆ ಚಪ್ಪರದ ಗಳುಗಳಂತೆ ಆಸರೆ. ಅಲ್ಝೈಮರ್ ಬರುವಂತೆ ವಂಶವಾಹಿ ಬದಲಿಸಿದ ಇಲಿಗಳಲ್ಲಿ, ಕೇವಲ ಒಂದು ತಿಂಗಳ ಮರಿಗಳಲ್ಲೇ, ಅಂದರೆ ಗಡ್ಡೆಗಳು ಕಾಣುವುದಕ್ಕೆ ಬಹಳ ಮೊದಲೇ, ಈ ಎಳೆಗಳು ಕಳಚತೊಡಗುತ್ತವೆ ಎಂದು ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2018ರಲ್ಲಿ ಪ್ರಕಟಿಸಿತು. ಆಸರೆ ಹೋದ ಮೇಲೆ ಮೊಗ್ಗು ಕುಗ್ಗುತ್ತದೆ, ಮೊಗ್ಗು ಹೋದ ಮೇಲೆ ಸಂಧಿ ಹೋಗುತ್ತದೆ. ಕೋಶ ಸಾಯುವುದು ಎಷ್ಟೋ ಆಮೇಲೆ. ಅಮ್ಮ ಚುಕ್ಕಿಯ ಲೆಕ್ಕ ತಪ್ಪಿದ ಆ ಬೆಳಗ್ಗೆ ಅವರ ಎಷ್ಟೋ ಕೋಶಗಳು ಜೀವಂತವಾಗಿಯೇ ಇದ್ದಿರಬೇಕು, ಒಂದರ ಮಾತು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ.

ಇನ್ನೊಂದು ಆರಂಭ ಕೋಶದ ಕಸ ವಿಲೇವಾರಿಯಲ್ಲಿದೆ. ಬೀದಿಗೆ ನಾಲ್ಕು ದಿನ ಕಸದ ಗಾಡಿ ಬಾರದಿದ್ದರೆ ಏನಾಗುತ್ತದೆಂದು ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೋಶದೊಳಗೆ ಹಳೆಯ, ಮುರಿದ ಪ್ರೋಟೀನುಗಳನ್ನು ಜೀರ್ಣಿಸಿ ಮರುಬಳಕೆಗೆ ಕೊಡುವ ಲೈಸೊಸೋಮ್ ಎಂಬ ಚೀಲಗಳಿವೆ. ಒಳಗೆ ಆಮ್ಲ ತಕ್ಕಷ್ಟಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. 2022ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇಲಿಗಳ ಮೆದುಳಿನಲ್ಲಿ ಕಂಡದ್ದೇನೆಂದರೆ, ಗಡ್ಡೆಗಳು ಕಾಣುವ ಮೊದಲೇ ಕೆಲವು ನರಕೋಶಗಳಲ್ಲಿ ಈ ಚೀಲಗಳ ಆಮ್ಲ ಇಳಿದುಹೋಗಿ, ಜೀರ್ಣವಾಗದ ಕಸ ತುಂಬಿದ ಚೀಲಗಳು ಕೋಶದ ಕೇಂದ್ರವನ್ನು ಸುತ್ತುವರಿದು ಹೂವಿನ ದಳಗಳಂತೆ ಉಬ್ಬಿ ನಿಲ್ಲುತ್ತವೆ. ಕೊನೆಗೆ ಆ ಕೋಶ ಒಡೆದಾಗ ಉಳಿಯುವ ಅವಶೇಷವೇ ಹೊರಗಿನ ಗಡ್ಡೆಯಾಗುತ್ತದೆ. ಗಡ್ಡೆ ಹೊರಗೆ ಹುಟ್ಟಿ ಕೋಶವನ್ನು ಕೊಲ್ಲುತ್ತದೆ ಎಂದು ನಂಬಿದ್ದವರಿಗೆ ಇದು ತಿರುಗುಮುರುಗಾದ ಚಿತ್ರ. ಮನುಷ್ಯರಲ್ಲೂ, ಇಳಿವಯಸ್ಸಿನಲ್ಲಿ ಬರುವ ಅಲ್ಝೈಮರ್‌ನಲ್ಲಿ ಅಮೈಲಾಯ್ಡ್ ತಯಾರಿ ಹೆಚ್ಚಾಗುವುದಕ್ಕಿಂತ ಅದನ್ನು ತೆರವು ಮಾಡುವ ವೇಗ ತಗ್ಗುತ್ತದೆ ಎಂದು 2010ರಲ್ಲೇ ಅಳೆದು ತೋರಿಸಲಾಗಿದೆ.

ಕೋಶದ ಒಳಗಿನ ಸಿಕ್ಕುಎಳೆಗಳದು ಬೇರೆ ಕಥೆ. ನರಕೋಶದ ಉದ್ದನೆಯ ತಂತುವಿನೊಳಗೆ ಸಾಮಾನು ಸಾಗಿಸುವ ಹಳಿಗಳಿವೆ, ಆ ಹಳಿಗಳನ್ನು ಹಿಡಿದಿಡುವ ಪ್ರೋಟೀನು ಟೌ. ಅದರ ಮೇಲೆ ಫಾಸ್ಫೇಟ್ ಮಿತಿಮೀರಿ ಕೂತಾಗ ಅದು ಹಳಿಯಿಂದ ಕಳಚಿಕೊಂಡು ತನ್ನಲ್ಲೇ ಹೆಣೆದುಕೊಳ್ಳುತ್ತದೆ. ಈ ಹಾನಿ ಮೆದುಳಿನ ಎಲ್ಲೆಡೆ ಒಮ್ಮೆಗೇ ಆಗುವುದಿಲ್ಲ. ಮಿದುಳುಕಾಂಡದ ಒಂದು ಸಣ್ಣ ನೀಲಿ ಚುಕ್ಕೆಯಂಥ ಜಾಗದಲ್ಲೂ, ಹೊಸ ನೆನಪನ್ನು ಬರೆದಿಡುವ ಹಿಪೊಕ್ಯಾಂಪಸ್‌ನ ಹೆಬ್ಬಾಗಿಲಿನಲ್ಲೂ ಮೊದಲು ಕಾಣಿಸಿಕೊಂಡು, ಗೊತ್ತಾದ ದಾರಿಯಲ್ಲಿ ಹರಡುತ್ತದೆ. ಅಮ್ಮನಿಗೆ ಬೆಳಗಿನ ತಿಂಡಿ ಒಂಬತ್ತೂವರೆಗೆ ಮರೆತುಹೋಗುತ್ತಿತ್ತು, “ಇವತ್ತು ಯಾರೂ ನನಗೆ ಏನೂ ಕೊಟ್ಟಿಲ್ಲ” ಎಂದು ಬಾಗಿಲಲ್ಲಿ ಕೂತು ಅಳುತ್ತಿದ್ದರು. ಹದಿನಾರರ ಮಗ್ಗಿ ಮಾತ್ರ ಕೊನೆಯ ವರ್ಷದವರೆಗೂ ತಪ್ಪಲಿಲ್ಲ. ಇದನ್ನು ಹಟ, ನಾಟಕ, ಸೊಸೆಯ ಮೇಲಿನ ದೂರು ಎಂದು ಎಷ್ಟು ಮನೆಗಳಲ್ಲಿ ಅಂದುಕೊಂಡಿದ್ದಾರೋ.

ನರಕೋಶದ ನೆರೆಹೊರೆಯವರ ಪಾತ್ರವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಅಮೈಲಾಯ್ಡನ್ನು ಸುತ್ತುವರಿದು ನುಂಗಲು ನೋಡುತ್ತವೆ. ಅವು ದಣಿದು ಅಥವಾ ಕೆರಳಿ ಒಳ್ಳೆಯ ನರಸಂಧಿಗಳನ್ನೇ ಕಿತ್ತುಹಾಕುವುದೂ ಉಂಟು. ಮೆದುಳಿನಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಅಪೊಇ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವುದು ನಕ್ಷತ್ರದಾಕಾರದ ಆಸ್ಟ್ರೋಸೈಟ್ ಕೋಶಗಳು, ಆ ಪ್ರೋಟೀನಿನ 4ನೇ ಬಗೆ ಇರುವವರಿಗೆ ಅಪಾಯ ಹೆಚ್ಚೆಂದು 1993ರಿಂದ ಗೊತ್ತಿದೆ. ಅಪಾಯ ಹೆಚ್ಚು ಎಂದರೆ ಕಾಯಿಲೆ ಖಚಿತ ಎಂದಲ್ಲ. ತಂದೆತಾಯಿಯಿಂದ ನೇರವಾಗಿ, ತಪ್ಪದೆ ಬರುವ ಅಲ್ಝೈಮರ್ ಶೇ. 1ಕ್ಕಿಂತ ಕಡಿಮೆ, ಅಮ್ಮನಿಗಿತ್ತು, ನನಗೂ ಬಂದೇ ಬರುತ್ತದೆ ಎಂದು ಹೆದರಿ ಕೂತವರಿಗೆ ಇದು ತಿಳಿದಿರಲಿ.

ಇಷ್ಟೆಲ್ಲ ಜೀವಶಾಸ್ತ್ರವನ್ನು ಸಚಿವರಿಗೆ ಬರೆಯುವ ಅಗತ್ಯವೇನು ಎಂದು ತಾವು ಕೇಳಬಹುದು. ಕಾರಣ ಇಷ್ಟೇ. ವಂಶಪಾರಂಪರ್ಯ ಅಲ್ಝೈಮರ್ ಇರುವ ಕುಟುಂಬಗಳನ್ನು ಅಧ್ಯಯನ ಮಾಡಿದ 2012ರ ವರದಿಯಂತೆ, ಮೊದಲ ಮರೆವು ಕಾಣುವುದಕ್ಕೆ 15ರಿಂದ 25 ವರ್ಷ ಮೊದಲೇ ಮೆದುಳುಬಳ್ಳಿಯ ದ್ರವದಲ್ಲೂ, ಮೆದುಳಿನ ಸ್ಕ್ಯಾನ್‌ನಲ್ಲೂ ಬದಲಾವಣೆ ಆರಂಭವಾಗಿರುತ್ತದೆ. ಅಮ್ಮನ ಲೆಕ್ಕ ತಪ್ಪಿದ್ದು 69ಕ್ಕೆ. ಹಾಗಾದರೆ ಅವರ ಕೋಶಗಳಲ್ಲಿ ಅದು ಶುರುವಾದಾಗ ಅವರು ಬಹುಶಃ ಇನ್ನೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 52ಕ್ಕೆ ಅವರಿಗೆ ಶುಗರ್ ಇದೆಯೆಂದು ತಿಳಿಯಿತು, ಮಾತ್ರೆಯನ್ನು ನೆನಪಾದಾಗ ತೆಗೆದುಕೊಳ್ಳುತ್ತಿದ್ದರು. 58ಕ್ಕೆ ಕಿವಿ ಮಂದವಾಯಿತು, ಶ್ರವಣಯಂತ್ರ ಹಾಕಿಕೊಂಡರೆ ಜನ ಕಿವುಡಿ ಎನ್ನುತ್ತಾರೆಂದು ಒಪ್ಪಲಿಲ್ಲ, ಕ್ರಮೇಣ ಮದುವೆ ಮುಂಜಿಗಳಿಗೆ ಹೋಗುವುದನ್ನೂ ಬಿಟ್ಟರು. ಅವು ಮೆದುಳಿಗೆ ಸಂಬಂಧಪಟ್ಟ ಸಂಗತಿಗಳೆಂದು ನಮಗೆ ಹೇಳಿದವರು ಒಬ್ಬರೂ ಇಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರ ವರದಿಯಲ್ಲಿ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿ, ಅವುಗಳನ್ನು ಜೀವನದುದ್ದಕ್ಕೂ ಹತೋಟಿಯಲ್ಲಿಟ್ಟರೆ ಡಿಮೆನ್ಷಿಯಾದ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ಆ ಪಟ್ಟಿಯಲ್ಲಿ ಮಧುಮೇಹ, ರಕ್ತದೊತ್ತಡ, ಕೆಟ್ಟ ಕೊಲೆಸ್ಟ್ರಾಲ್, ಕಿವಿ ಮಂದವಾಗುವುದು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಒಂಟಿತನ, ಓದಿನ ಕೊರತೆ, ತಲೆಗೆ ಬೀಳುವ ಪೆಟ್ಟು, ಕೆಟ್ಟ ಗಾಳಿ ಎಲ್ಲವೂ ಇವೆ. ಒಳ್ಳೆಯ ಸುದ್ದಿಯೂ ಇದೆ: ಈಗ ನಿಮ್ಹಾನ್ಸ್‌ನಲ್ಲಿರುವ ಪ್ರೊ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದೂ, ಅಕ್ಷರ ಬಾರದವರಲ್ಲೂ ಹಾಗೆಯೇ ಇತ್ತೆಂದೂ 2013ರಲ್ಲಿ ವರದಿ ಮಾಡಿದರು. ಮನೆಯಲ್ಲೊಂದು, ಮಾರುಕಟ್ಟೆಯಲ್ಲೊಂದು ಭಾಷೆ ಆಡುವ ಈ ಊರಿಗೆ ಇದು ಧೈರ್ಯ ಕೊಡುವ ಮಾತು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ನಿಮ್ಹಾನ್ಸ್ ಜತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯುತ್ತಿದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಗುರಿಯ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಬಿಪಿ, ಶುಗರ್ ನೋಡಲು ಮನೆಬಾಗಿಲಿಗೇ ಬರುವ ಗೃಹ ಆರೋಗ್ಯ ಯೋಜನೆ ಇದೆ, ಬೆಂಗಳೂರಿನಲ್ಲಿ ವಾರ್ಡು ವಾರ್ಡಿಗೆ ‘ನಮ್ಮ ಕ್ಲಿನಿಕ್’‌ಗಳಿವೆ. ನನ್ನ ಕೋರಿಕೆ ಹೊಸ ಕಟ್ಟಡಕ್ಕಲ್ಲ. ಬಾಗಿಲಿಗೆ ಬಂದವರು 45 ದಾಟಿದವರ ಬಿಪಿ ನೋಡುವಾಗ, ಇದು ಹೃದಯಕ್ಕಷ್ಟೇ ಅಲ್ಲ, ಇನ್ನು 20 ವರ್ಷದ ಮೇಲೆ ನಿಮ್ಮ ನೆನಪು ಉಳಿಯುವುದಕ್ಕೂ ಬೇಕು ಎಂಬ ಒಂದು ಮಾತನ್ನು ಹೇಳಲಿ. ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಲಿ. ಬೇಕಾದವರಿಗೆ ಶ್ರವಣಯಂತ್ರ ಅಲೆದಾಟವಿಲ್ಲದೆ ಸಿಗಲಿ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರಲಾರದ ಹೊರೆಯಿದೆ, ಈ ಕೆಲಸ ಕೊಡುವುದಾದರೆ ಅದಕ್ಕೆ ತಕ್ಕ ಗೌರವಧನವನ್ನೂ ಕೊಡಬೇಕು.

ಮರೆವು ಎಂದು ಬಂದವರನ್ನು ವಯಸ್ಸೆಂದು ಹೇಳಿ ಕಳುಹಿಸಬಾರದೆಂಬ ಲಿಖಿತ ಸೂಚನೆ ಪ್ರತಿ ವೈದ್ಯಾಧಿಕಾರಿಗೂ ಹೋಗಬೇಕು. ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ ಇವೆಲ್ಲ ಮರೆವನ್ನು ತರುತ್ತವೆ, ಇವುಗಳಿಗೆ ಚಿಕಿತ್ಸೆಯೂ ಇದೆ. ನೋಡದೆ ಕಳುಹಿಸಿದರೆ ವಾಸಿಯಾಗಬಹುದಾದವರೂ ಮೂಲೆ ಸೇರುತ್ತಾರೆ. ನೆನಪಿನ ಪರೀಕ್ಷೆಗಳು ನಮ್ಮ ಜನಕ್ಕೆ ಹೊಂದುವಂತಿರಬೇಕು. ಪೆನ್ಸಿಲ್ ಹಿಡಿಯದ ಅಜ್ಜಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿ ಅಂಕ ಕಳೆಯುವ ಬದಲು, ನೂರು ರೂಪಾಯಿ ಕೊಟ್ಟು ಅರ್ಧ ಕೆಜಿ ಟೊಮೆಟೊ ಕೊಂಡರೆ ಚಿಲ್ಲರೆ ಎಷ್ಟು ಬರಬೇಕೆಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಬೇಗ ಗುರುತಿಸುವುದಕ್ಕೆ ಈಗ ಇನ್ನೊಂದು ಕಾರಣವೂ ಇದೆ. ಅಮೈಲಾಯ್ಡನ್ನು ತೆರವು ಮಾಡುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿದೆ. ಇವು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಲೆಕಾನೆಮ್ಯಾಬ್ 18 ತಿಂಗಳ ಪ್ರಯೋಗದಲ್ಲಿ ನೆನಪು, ಬುದ್ಧಿ ಕುಗ್ಗುವ ವೇಗವನ್ನು ಸುಮಾರು ಶೇ. 27ರಷ್ಟು ತಗ್ಗಿಸಿತು, ಕೆಲವರಲ್ಲಿ ಮೆದುಳಿನ ಬಾವು, ಸಣ್ಣ ರಕ್ತಸ್ರಾವ ಉಂಟುಮಾಡಿತು, ಮತ್ತು ಅದು ಆರಂಭದ ಹಂತದವರಿಗೆ ಮಾತ್ರ. ಎರಡೂವರೆ ವರ್ಷ ಗಾದೆ ಕೇಳಿಕೊಂಡು ಕೂತವರಿಗೆ ಅಂಥ ಬಾಗಿಲು ಮುಚ್ಚಿಹೋಗಿರುತ್ತದೆ. ಅಶ್ವಗಂಧದ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಅದರ ಬೇರಿನ ಸಾರದಿಂದ ಇಲಿಗಳಲ್ಲಿ ಒಳ್ಳೆಯ ಫಲಿತಾಂಶ ಬಂದದ್ದು, ಅದೂ ಯಕೃತ್ತಿನ ಮೂಲಕ ಅಮೈಲಾಯ್ಡ್ ತೆರವಾದದ್ದು, ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡವೇ 2012ರಲ್ಲಿ ಪ್ರಕಟಿಸಿದ ಸತ್ಯ. ಆದರೆ ಅದು ಇಲಿಗಳ ಮಾತು, ಅದರ ಹೆಸರಿನಲ್ಲಿ ಮಾರುವ ಡಬ್ಬಿಗಳು ಮನುಷ್ಯರ ಅಲ್ಝೈಮರ್‌ಗೆ ಔಷಧವೆಂದು ಸಾಬೀತಾಗಿಲ್ಲ.

ಅಮ್ಮ 78ಕ್ಕೆ ತೀರಿಕೊಂಡರು. ಡಾ. ರಾಜ್‌ಕುಮಾರ್ 2006ರಲ್ಲಿ ಕಣ್ಣು ಕೊಟ್ಟುಹೋದ ಮೇಲೆ ನಮ್ಮ ಮನೆಯವರೆಲ್ಲ ನೇತ್ರದಾನಕ್ಕೆ ಹೆಸರು ಕೊಟ್ಟಿದ್ದೆವು, 2021ರಲ್ಲಿ ಪುನೀತ್ ಅವರ ಕಣ್ಣುಗಳೂ ಹಾಗೆಯೇ ಬೇರೆಯವರಿಗೆ ಬೆಳಕಾದಾಗ ಆ ಕಾಗದವನ್ನು ಹುಡುಕಿ ಇಟ್ಟುಕೊಂಡಿದ್ದೆವು. ಹಾಗಾಗಿ ಆ ದಿನ ಯಾರೂ ಹೇಳದೆಯೇ ನನ್ನ ತಮ್ಮ ನೇತ್ರ ಬ್ಯಾಂಕಿಗೆ ಫೋನ್ ಮಾಡಿದ, ಅವರು ಒಂದು ಗಂಟೆಯೊಳಗೆ ಬಂದು ಕಣ್ಣುಗಳನ್ನು ಪಡೆದರು. ಆದರೆ ಒಂಬತ್ತು ವರ್ಷ ನಮ್ಮನ್ನು ಕಾಡಿದ ಕಾಯಿಲೆಯ ಉತ್ತರ ಇದ್ದದ್ದು ಅವರ ಮೆದುಳಿನಲ್ಲಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ವಿದ್ಯಾರ್ಥಿಗಳನ್ನು ಅಲ್ಲಿನ ಮೆದುಳು ಸಂಗ್ರಹಾಲಯಕ್ಕೆ ನಾನೇ ಕರೆದೊಯ್ದಿದ್ದೆ. ಆದರೂ ದಾನ ಮಾಡಬಹುದೆಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ, ಚಿಕಿತ್ಸೆ ಕೊಟ್ಟ ಕಡೆಯೂ ಕೇಳಲಿಲ್ಲ. ಮೆದುಳನ್ನು ಸಾವಿನ ಕೆಲವೇ ಗಂಟೆಗಳೊಳಗೆ ತೆಗೆದರೆ ಮಾತ್ರ ಅದರ ಕೋಶಗಳಿಂದ ಕಲಿಯುವುದು ಸಾಧ್ಯ. ಸಾವಿನ ಕಾರಣದ ನಮೂನೆಯಲ್ಲಿ “ವಯೋಸಹಜ” ಎಂದು ಬರೆದಿದ್ದರು. ಅಲ್ಝೈಮರ್ ಎಂಬ ಪದ ಎಲ್ಲಿಯೂ ಇರಲಿಲ್ಲ, ಹಾಗಾಗಿ ಸರ್ಕಾರದ ಯಾವ ಲೆಕ್ಕದಲ್ಲೂ ಅಮ್ಮ ಆ ಕಾಯಿಲೆಯಿಂದ ತೀರಿಕೊಂಡಿಲ್ಲ. ನೇತ್ರದಾನದ ಅರ್ಜಿಯ ಪಕ್ಕದಲ್ಲೇ ಮೆದುಳು ದಾನದ ಕನ್ನಡ ಅರ್ಜಿಯೂ ಪ್ರತಿ ಆಸ್ಪತ್ರೆಯಲ್ಲಿ ಸಿಗುವಂತೆಯೂ, ಸಾವಿನ ಕಾರಣದಲ್ಲಿ ಡಿಮೆನ್ಷಿಯಾವನ್ನು ಅದರ ಹೆಸರಿನಿಂದಲೇ ದಾಖಲಿಸುವಂತೆಯೂ ತಾವು ಆದೇಶಿಸಬೇಕೆಂದು ಕೋರುತ್ತೇನೆ.

ಕೊನೆಯದಾಗಿ, ಆಶಾ ಕಾರ್ಯಕರ್ತೆಯರಿಗೆ ಮತ್ತು ನಮ್ಮ ಕ್ಲಿನಿಕ್‌ಗಳ ಶುಶ್ರೂಷಕಿಯರಿಗೆ ಈ ಕಾಯಿಲೆ ಕೋಶದಲ್ಲಿ ಹೇಗೆ ಆರಂಭವಾಗುತ್ತದೆಂಬ ಪಾಠವನ್ನು ಕನ್ನಡದಲ್ಲಿ ಹೇಳಿಕೊಡಲು ಇಲಾಖೆ ಒಪ್ಪುವುದಾದರೆ, ಬೆಂಗಳೂರಿನ ಯಾವ ವಾರ್ಡಿಗಾದರೂ ನಾನು ಸಂಭಾವನೆಯಿಲ್ಲದೆ ಬರುತ್ತೇನೆ. ಒಂದು ಕಪ್ಪುಹಲಗೆ, ಮೂರು ಬಣ್ಣದ ಸೀಮೆಸುಣ್ಣ, ಒಂದೂವರೆ ಗಂಟೆ ಸಮಯ ಇದ್ದರೆ ಸಾಕು. ತಮ್ಮ ಕಚೇರಿಯ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಬಸವನಗುಡಿ, ಬೆಂಗಳೂರು